ಧ್ವಜದ ಸೊಟ್ಟ ಹೊಲಿಗೆ

ರಾಷ್ಟ್ರೀಯತೆ ಮತ್ತು ಕೈಗಾರಿಕೆ, ಈ ಎರಡು ಪಾಠ ಒಂದೇ ಮಧ್ಯಾಹ್ನದಲ್ಲಿ ಮುಗಿಯಲಿ ಎಂದು ನನ್ನ ಹತ್ತನೇ ತರಗತಿಯ ಮಕ್ಕಳನ್ನು ಹುಬ್ಬಳ್ಳಿಯಲ್ಲಿ ಖಾದಿಯ ರಾಷ್ಟ್ರಧ್ವಜ ಹೊಲಿಯುವ ಕೇಂದ್ರಕ್ಕೆ ಕರೆದೊಯ್ದಿದ್ದೆ.

ಒಳಗೆ ಕಾಲಿಟ್ಟರೆ ಬೇರೆಯೇ ಲೋಕ. ಕಿಟಕಿಗೆ ಅಡ್ಡಲಾಗಿ ಒಣಹಾಕಿದ ಬಟ್ಟೆಯಲ್ಲಿ ಬಿಸಿಲು ಸೋಸಿ ಬಂದು ಮಕ್ಕಳ ಮುಖಗಳೆಲ್ಲ ಕೇಸರಿಯಾಗಿದ್ದವು. ಹೊಲಿಗೆ ಯಂತ್ರಗಳ ಸದ್ದು ದೂರದ ಜಡಿಮಳೆಯಂತಿತ್ತು. ನನಗೆ ಪಾಠವೇ ಮರೆತಿತ್ತು.

ಆ ಗುಂಗಿನಲ್ಲೇ ಒಬ್ಬ ಹೆಂಗಸಿನ ಪಕ್ಕ ನಿಂತೆ. ಉಣಕಲ್ಲಿನವರು, ಹೆಸರು ಮೆಹಬೂಬಿ. ಆಗಷ್ಟೇ ಹೊಲಿದು ಮುಗಿಸಿದ್ದ ದೊಡ್ಡ ಧ್ವಜದ ಹೊಲಿಗೆಯನ್ನು ಬಿಚ್ಚುತ್ತಿದ್ದರು.

“ಯಾಕ್ರಿ ಅಕ್ಕಾರ, ಬಿಚ್ಚಾಕತ್ತೀರಿ?”

“ಹೊಲಿಗಿ ಒಂದೀಟು ಸೊಟ್ಟ ಆಗೇತ್ರಿ ಸರ.”

ಬಗ್ಗಿ ನೋಡಿದರೂ ನನಗೆ ಸೊಟ್ಟ ಕಾಣಲಿಲ್ಲ. “ಇರಲಿ ಬಿಡ್ರಿ. ಅಷ್ಟು ಮ್ಯಾಲ ಹಾರೂದು ಯಾರಿಗೆ ಕಾಣಸ್ತೈತಿ?”

ಅವರು ನೂಲು ಎಳೆಯುವುದನ್ನು ನಿಲ್ಲಿಸಲಿಲ್ಲ. “ಎಲ್ಲಾರಿಗೂ ಕಾಣಸ್ಲಿ ಅಂತನ ಅಲ್ಲೇನ್ರಿ, ಮ್ಯಾಲ ಹಾರಸೂದು?”

ಮಕ್ಕಳತ್ತ ತಿರುಗಿದೆ. ಹತ್ತಿರದ ಸುಳ್ಳ ಗ್ರಾಮದಿಂದ ಸಾಲೆಗೆ ಬರುವ ಸವಿತಾ ಮೆಲ್ಲಗೆ ಹೇಳಿದಳು, “ಸರ, ನಕಾಶೆದಾಗ ಗೆರಿ ಸೊಟ್ಟ ಆದ್ರ ನೀವು ಅರ್ಧ ಮಾರ್ಕ್ಸ್ ಕಡೀತೀರಲ್ರಿ.”

ಮೆಹಬೂಬಿ ಮೊದಲ ಸಲ ತಲೆಯೆತ್ತಿ ನಕ್ಕರು. ಸವಿತಾಳನ್ನು ಪಕ್ಕದಲ್ಲಿ ಕೂಡಿಸಿಕೊಂಡು, ಬಟ್ಟೆ ಹರಿಯದಂತೆ ನೂಲು ಬಿಚ್ಚುವುದನ್ನು ತೋರಿಸಿಕೊಟ್ಟರು. ನಾನು ನಿಂತುಕೊಂಡೇ ಕಲಿತೆ.

ಈಗ ಆ ತರಗತಿಯ ನಕಾಶೆಗಳನ್ನು ತಿದ್ದುವಾಗ ಕೈಯಲ್ಲಿ ಅಳತೆಪಟ್ಟಿ ಹಿಡಿದೇ ಕೂರುತ್ತೇನೆ. ನಾನೆಳೆಯುವ ಕೆಂಪು ಗೆರೆಯಾದರೂ ನೆಟ್ಟಗಿರಬೇಕಲ್ಲ.