ನಾನು ಮಾಡದ ಪ್ರಾರ್ಥನೆ

ದೇವರು ತಮ್ಮೊಂದಿಗೆ ಮಾತಾಡಿದರು ಎಂದು ಚರ್ಚಿನ ಸಭೆಯಲ್ಲಿ ಎದ್ದು ನಿಂತು ಸಾಕ್ಷಿ ಹೇಳುವವರನ್ನು ನಾನು ಯಾವತ್ತೂ ಪೂರ್ತಿ ನಂಬಿದವಳಲ್ಲ. ಅವರು ಸುಳ್ಳು ಹೇಳುತ್ತಾರೆ ಅಂತಲ್ಲ. ಆಸೆಪಟ್ಟದ್ದು ಕಿವಿಗೆ ಕೇಳಿಸಿರಬೇಕು ಎಂದುಕೊಳ್ಳುತ್ತಿದ್ದೆ. ನಮ್ಮದು ಮೂರು ತಲೆಮಾರಿನಿಂದ ಕ್ರೈಸ್ತ ಮನೆತನ. ಊಟಕ್ಕೆ ಮುಂಚೆ ಸ್ತೋತ್ರ, ಮಲಗುವ ಮುಂಚೆ ಸತ್ಯವೇದದ ಒಂದು ಅಧ್ಯಾಯ, ಭಾನುವಾರದ ಆರಾಧನೆ, ಎಲ್ಲವೂ ಹಲ್ಲುಜ್ಜಿದಷ್ಟು ಸಹಜವಾಗಿ ನಡೆದುಹೋಗುತ್ತಿತ್ತು. ಶಾಲೆಯಲ್ಲಿ ಗಣಿತ ಕಲಿಸುವ ನನಗೆ ಕಾರಣ ಕೊಡಲಾಗದ ಮಾತುಗಳೆಂದರೆ ಮುಜುಗರ. ಈಗ ಅಂಥದ್ದೇ ಒಂದನ್ನು ನಾನೇ ಬರೆಯುತ್ತಿದ್ದೇನೆ. ನೀವು ನಂಬದಿದ್ದರೆ ನನಗೇನೂ ಬೇಸರವಿಲ್ಲ.

ನಮ್ಮ ಸಭೆಯ ಹೆಂಗಸರಲ್ಲಿ ಒಂದು ಪ್ರಾರ್ಥನಾ ಸರಪಳಿ ಇತ್ತು. ಯಾರಿಗಾದರೂ ಕಾಯಿಲೆ ಕಷ್ಟ ಬಂದರೆ ಒಬ್ಬರು ಇನ್ನೊಬ್ಬರಿಗೆ ಫೋನ್ ಮಾಡಿ ಹೆಸರು ಹೇಳಬೇಕು. ಕೇಳಿಸಿಕೊಂಡವರು ಪ್ರಾರ್ಥನೆ ಮಾಡಿ ಮುಂದಿನವರಿಗೆ ತಿಳಿಸಬೇಕು. ನನಗೆ ಫೋನ್ ಮಾಡುತ್ತಿದ್ದವರು ಶ್ರೀನಗರ ಬಡಾವಣೆಯ ಜೀವರತ್ನಮ್ಮ ಆಂಟಿ. ವಾಟ್ಸಾಪಿನಲ್ಲಿ ಹಾಕಿದರೆ ಸಾಲದೇ ಎಂದರೆ ಒಪ್ಪುತ್ತಿರಲಿಲ್ಲ. "ಬರ್ಕೊಂಡ್ಯಾ? ಒಂದ್ಸಲ ಓದು ನೋಡೋಣ," ಎಂದು ನನ್ನಿಂದಲೇ ಹೇಳಿಸಿ ಆಮೇಲೆ ಫೋನ್ ಇಡುತ್ತಿದ್ದರು.

ಒಂದು ವಿಷಯ ಒಪ್ಪಿಕೊಂಡುಬಿಡುತ್ತೇನೆ. ನಾನು ಬರೆದುಕೊಳ್ಳುತ್ತಿದ್ದೆ, ಪ್ರಾರ್ಥನೆ ಮಾಡುತ್ತಿರಲಿಲ್ಲ. ಮೊದಮೊದಲು ಮಾಡುತ್ತಿದ್ದೆ. ಆಮೇಲೆ ಸಂಜೆ ಮಾಡಿದರಾಯಿತು ಎಂದುಕೊಂಡು ಸಂಜೆಗೆ ಮರೆಯುತ್ತಿದ್ದೆ. "ಪ್ರಾರ್ಥನೆ ಮಾಡ್ತೀನಿ ಆಂಟಿ" ಅನ್ನುವುದು ನನ್ನ ಬಾಯಲ್ಲಿ "ಬರ್ತೀನಿ" ಅಂದಷ್ಟು ಹಗುರವಾಗಿತ್ತು.

ಆರು ವರ್ಷದ ಹಿಂದಿನ ಮಾತು. ಆಗ ನಾವು ಜೆ.ಪಿ. ನಗರದಲ್ಲಿ ಮೂರಂತಸ್ತಿನ ಕಟ್ಟಡದ ಮೊದಲ ಮಹಡಿಯಲ್ಲಿ ಬಾಡಿಗೆಗಿದ್ದೆವು. ಕೆಳಗೆ ಮನೆ ಮಾಲೀಕರು, ಮೇಲೆ ಪದ್ಮಾ. ಆಕೆ ಬೊಮ್ಮನಹಳ್ಳಿಯ ಗಾರ್ಮೆಂಟ್ಸಿನಲ್ಲಿ ಹೊಲಿಗೆ ಕೆಲಸ ಮಾಡುತ್ತಿದ್ದರು, ಒಬ್ಬರೇ ಇದ್ದರು. ಅವರು ಕ್ರೈಸ್ತರಲ್ಲ. ಹಬ್ಬಕ್ಕೆ ಒಬ್ಬಟ್ಟು ಕೊಡುತ್ತಿದ್ದರು, ಕ್ರಿಸ್ಮಸ್ಸಿಗೆ ನಾನು ಕಲ್‌ಕಲ್ ಸಿಹಿತಿಂಡಿ ಕೊಡುತ್ತಿದ್ದೆ. ನಮ್ಮ ಸ್ನೇಹ ಅಷ್ಟೇ.

ಅವತ್ತು ಮಂಗಳವಾರ. ನನ್ನ ಯಜಮಾನರು ಎಂದಿನಂತೆ ಆರಕ್ಕೇ ಕಂಪನಿ ಬಸ್ಸಿಗೆ ಹೋಗಿದ್ದರು. ನಾನು ಡಬ್ಬಿಗೆ ಚಿತ್ರಾನ್ನ ತುಂಬುತ್ತಿದ್ದಾಗ ಫೋನ್ ಬಂತು.

"ಒಂದು ಹೆಸರು ಬರ್ಕೊಳ್ಳಮ್ಮ. ಪದ್ಮಾ."

"ಯಾವ ಪದ್ಮಾ ಆಂಟಿ?"

"ನಿಂಗೆ ಗೊತ್ತಿರೋಳೇ. ಇವಾಗ್ಲೇ ಕೂತ್ಕೊಂಡು ಮಾಡು. ಸಂಜೆಗೆ ಇಟ್ಕೋಬೇಡ."

ಆಂಟಿ ಅವತ್ತು ನನ್ನಿಂದ ಹೆಸರು ಓದಿಸಲಿಲ್ಲ. ಆಂಟಿಗೆ ಮೇಲಿನ ಮನೆಯ ಪದ್ಮಾ ಗೊತ್ತಿರುವ ಸಂಭವವೇ ಇರಲಿಲ್ಲವಾದ್ದರಿಂದ ಸಭೆಯಲ್ಲೇ ನನಗೆ ನೆನಪಾಗದ ಇನ್ಯಾರೋ ಪದ್ಮಾ ಇರಬೇಕು ಎಂದುಕೊಂಡೆ. ತಿದ್ದಬೇಕಿದ್ದ ಉತ್ತರ ಪತ್ರಿಕೆಗಳ ಕಟ್ಟಿನ ಮೇಲೆ "ಪದ್ಮಾ, ಈಗಲೇ" ಎಂದು ಗೀಚಿದೆ. ಮಾಡ್ತೀನಿ ಆಂಟಿ ಅಂದೆ. ಗಂಟೆ ಏಳೂಮುಕ್ಕಾಲು ಆಗಿತ್ತು. ಡಬ್ಬಿ, ಪೇಪರ್ ಕಟ್ಟು ಎತ್ತಿಕೊಂಡು ಶಾಲೆಗೆ ಹೊರಟುಬಿಟ್ಟೆ.

ಮಧ್ಯಾಹ್ನ ಊಟದ ಹೊತ್ತಿಗೆ ಮಾಲೀಕರು ಫೋನ್ ಮಾಡಿದರು. ಅವರು ಮದುವೆಗೆಂದು ಮೈಸೂರಿಗೆ ಹೋಗಿದ್ದರು, ಯಾರೋ ಅವರಿಗೆ ಸುದ್ದಿ ಮುಟ್ಟಿಸಿದ್ದರು. ರಜೆಯಲ್ಲಿದ್ದ ಪದ್ಮಾ ಬಟ್ಟೆಯ ಬಕೆಟ್ ಹಿಡಿದು ಮೆಟ್ಟಿಲಿಳಿಯುವಾಗ ಜಾರಿ, ಉರುಳಿ, ನಮ್ಮ ಬಾಗಿಲ ಮುಂದೆ ಬಿದ್ದಿದ್ದರು. ತೊಡೆ ಮೂಳೆ ಮುರಿದಿತ್ತು, ತಲೆಗೆ ಏಟಾಗಿತ್ತು. ಕೂಗಿದರೂ ಕೇಳುವವರಿಲ್ಲ. ಗ್ಯಾಸ್ ಸಿಲಿಂಡರ್ ತಂದವರು ಹನ್ನೊಂದೂವರೆಗೆ ನೋಡುವ ತನಕ ಅಲ್ಲೇ ಬಿದ್ದಿದ್ದರು. ಅವರು ಬಿದ್ದದ್ದು ಎಂಟು ಗಂಟೆಯ ಒಳಗೆ ಎಂದು ಆಮೇಲೆ ತಿಳಿಯಿತು. ಆಂಟಿ ಹೇಳಿದಂತೆ ಕೂತು ಪ್ರಾರ್ಥನೆ ಮಾಡಿದ್ದರೆ ಆ ಹೊತ್ತಿಗೆ ನಾನು ಬಾಗಿಲ ಒಳಗೇ ಇರುತ್ತಿದ್ದೆ.

ಸ್ಟಾಫ್ ರೂಮಿನಲ್ಲಿ ಕೂತು ಆಂಟಿಗೆ ಫೋನ್ ಮಾಡಿದೆ. ಸ್ವಿಚ್ ಆಫ್. ಅವರ ಸೊಸೆಗೆ ಮಾಡಿದೆ. ಎತ್ತಿದ ಕೂಡಲೇ ಆಕೆ, "ಗ್ರೂಪಲ್ಲಿ ಹಾಕಿದ್ದು ನೋಡ್ಲಿಲ್ವಾ ಅಕ್ಕ? ಅತ್ತೆಗೆ ಭಾನುವಾರ ಸಾಯಂಕಾಲ ಸ್ಟ್ರೋಕ್ ಆಯ್ತು. ಐಸಿಯೂನಲ್ಲಿದಾರೆ, ಮಾತು ನಿಂತೋಗಿದೆ," ಅಂದಳು. ಅವರ ಫೋನ್ ಅವತ್ತಿನಿಂದ ಬೀರುವಿನಲ್ಲೇ ಇದೆಯಂತೆ. ನಾನು ಸಭೆಯ ಗ್ರೂಪನ್ನು ಮ್ಯೂಟ್ ಮಾಡಿಟ್ಟಿದ್ದೆ. ತೆರೆದು ನೋಡಿದರೆ ಸೋಮವಾರ ಬೆಳಿಗ್ಗೆಯೇ ಸುದ್ದಿ ಬಂದಿತ್ತು.

ನನ್ನ ಫೋನಿನಲ್ಲಿ ಅವತ್ತು ಬೆಳಿಗ್ಗೆ ಯಾವ ಕರೆಯೂ ಬಂದ ಗುರುತಿರಲಿಲ್ಲ. ಪೇಪರ್ ಕಟ್ಟಿನ ಮೇಲೆ ಮಾತ್ರ ನನ್ನದೇ ಅಕ್ಷರದಲ್ಲಿ ಆ ಹೆಸರಿತ್ತು. ಕನಸು ಕಂಡೆನೇ, ಹಿಂದಿನ ಯಾವುದೋ ಕರೆಯನ್ನು ಅವತ್ತಿನದು ಅಂದುಕೊಂಡೆನೇ ಎಂದು ಎಷ್ಟೋ ರೀತಿ ಲೆಕ್ಕ ಹಾಕಿ ನೋಡಿದ್ದೇನೆ. ಕೂಡುವುದಿಲ್ಲ.

ಇಷ್ಟೇ ಆಗಿದ್ದರೆ ಬಹುಶಃ ಮರೆಯುತ್ತಿದ್ದೆ. ನಾಲ್ಕನೆಯ ದಿನ ಪದ್ಮಾರನ್ನು ನೋಡಲು ಆಸ್ಪತ್ರೆಗೆ ಹೋದೆ. ಆಪರೇಷನ್ ಆಗಿತ್ತು. ಅವರು ನನ್ನ ಕೈ ಹಿಡಿದುಕೊಂಡು ಬಿಡಲೇ ಇಲ್ಲ.

"ನೀವಿಲ್ದಿದ್ರೆ ನಾನು ಹೆದ್ರಿಕೊಂಡೇ ಸತ್ತೋಗ್ತಿದ್ದೆ ಅಕ್ಕ," ಅಂದರು.

"ನಾನೇನು ಮಾಡ್ದೆ?"

"ಪ್ರಾರ್ಥನೆ ಮಾಡ್ತಾನೇ ಇದ್ರಲ್ಲ. ಒಳಗಿಂದ ಕೇಳಿಸ್ತಿತ್ತು. ಪದ್ಮಾ ಪದ್ಮಾ ಅಂತ ನನ್ನ ಹೆಸ್ರು ಹೇಳಿ ಹೇಳಿ ಬೇಡ್ಕೋತಿದ್ರಿ. ಕಣ್ಮುಚ್ಚೋ ಹಂಗಾದಾಗೆಲ್ಲ ಅದೇ ಎಬ್ಬಿಸ್ತಿತ್ತು."

 ಪಕ್ಕದ ಮಂಚದವರೂ ನನ್ನನ್ನು ಗೌರವದಿಂದ ನೋಡುತ್ತಿದ್ದರು. ನಾನು ಇಲ್ಲ ಅನ್ನಲಿಲ್ಲ. ತಂದಿದ್ದ ಎಳನೀರನ್ನು ಲೋಟಕ್ಕೆ ಬಗ್ಗಿಸಿ ಕುಡಿಸಿ ಬಂದೆ.

ನಮ್ಮ ಸಭೆಯ ಪಾಸ್ಟರ್ ಅಯ್ಯನವರ ಹತ್ತಿರ ಹೋಗಿ ಎಲ್ಲ ಹೇಳಿದೆ. ಅವರು, "ನಾವು ಮಾಡ್ದಿದ್ರೂ ದೇವರು ಕೆಲಸ ನಿಲ್ಸಲ್ಲಮ್ಮ," ಅಂದರು. ಒಳ್ಳೆಯ ಮಾತು. ಆದರೆ ಆ ಧ್ವನಿ ನನ್ನದೇ ಯಾಕೆ ಆಗಿರಬೇಕಿತ್ತು ಎಂದು ಕೇಳಿದಾಗ ಅವರು ಪ್ರಾರ್ಥನೆ ಮಾಡೋಣ ಎಂದು ಕಣ್ಣು ಮುಚ್ಚಿದರು.

ಜೀವರತ್ನಮ್ಮ ಆಂಟಿ ಮತ್ತೆ ಮಾತಾಡದೆಯೇ ಎಂಟು ತಿಂಗಳು ಬದುಕಿದರು. ಪ್ರತಿ ಗುರುವಾರ ಹೋಗಿ ಒಂದು ಅಧ್ಯಾಯ ಓದಿ ಬರುತ್ತಿದ್ದೆ. ಒಮ್ಮೆ ಯಾರೂ ಇಲ್ಲದಾಗ, "ಅವತ್ತು ನೀವು ಫೋನ್ ಮಾಡಿದ್ರಾ ಆಂಟಿ?" ಎಂದು ಕೇಳಿದೆ. ಅವರ ಕಣ್ಣಲ್ಲಿ ಧಾರಾಕಾರವಾಗಿ ನೀರು ಬಂತು. ಸ್ಟ್ರೋಕ್ ಆದವರು ಎಲ್ಲದಕ್ಕೂ ಅಳುತ್ತಾರೆ ಎಂದು ಆಮೇಲೆ ಸೊಸೆ ಹೇಳಿದಳು.

ಈಗ ಯಾರಾದರೂ ತಮಗಾಗಿ ಪ್ರಾರ್ಥಿಸಿ ಅಂದರೆ ನಾನು ನಿಂತಲ್ಲೇ ಕಣ್ಣು ಮುಚ್ಚುತ್ತೇನೆ, ಬಸ್ಸಿರಲಿ, ತರಕಾರಿ ಅಂಗಡಿಯಿರಲಿ. ಅದನ್ನು ನೋಡಿದವರು ನನ್ನ ವಿಶ್ವಾಸ ದೊಡ್ಡದು ಅನ್ನುತ್ತಾರೆ. ಅದು ವಿಶ್ವಾಸವೋ ಭಯವೋ ನನಗೇ ತಿಳಿಯದು.

ಪದ್ಮಾ ಮನೆಗೆ ಬಂದು ಕೋಲು ಹಿಡಿದು ನಡೆಯುವಂತಾದರು. ಬಂದವರಿಗೆಲ್ಲ ನನ್ನ ಪ್ರಾರ್ಥನೆಯ ಕಥೆ ಹೇಳುತ್ತಿದ್ದರು. ಸುಮಾರು ಒಂದು ವರ್ಷ ಅದನ್ನು ಕೇಳಿಸಿಕೊಂಡು ಸುಮ್ಮನಿದ್ದೆ. ಕೊನೆಗೆ ತಡೆಯಲಾರದೆ ಒಂದು ಸಂಜೆ ಅವರ ಮನೆಯಲ್ಲಿ ಕೂತು ಹೇಳಿಬಿಟ್ಟೆ.

"ಪದ್ಮಾ, ಅವತ್ತು ನಾನು ಮನೇಲೇ ಇರ್ಲಿಲ್ಲ. ಪ್ರಾರ್ಥನೇನೂ ಮಾಡಿರ್ಲಿಲ್ಲ."

ಅವರು ಬೆಚ್ಚಿಬೀಳುತ್ತಾರೆ, ಇಲ್ಲವೇ ಬೇಸರ ಮಾಡಿಕೊಳ್ಳುತ್ತಾರೆ ಎಂದುಕೊಂಡಿದ್ದೆ. ಅವರು ಕಾಫಿ ಲೋಟ ಕೆಳಗಿಟ್ಟು ನನ್ನನ್ನು ನೋಡಿದರು.

"ಗೊತ್ತು ಅಕ್ಕ. ಬಾಗ್ಲಿಗೆ ಬೀಗ ಹಾಕಿತ್ತು. ನಾನು ಬಿದ್ದಿದ್ದ ಜಾಗದಿಂದ ಅದೊಂದೇ ಕಾಣ್ತಿದ್ದಿದ್ದು."

ಹಾಗಂದು ಅವರು ಕಾಫಿ ಲೋಟ ಮತ್ತೆ ಕೈಗೆತ್ತಿಕೊಂಡರು. ಆ ಮನೆ ಬಿಟ್ಟು ಈಗ ಉತ್ತರಹಳ್ಳಿಗೆ ಬಂದಿದ್ದೇವೆ. ಶಾಲೆಯಿಂದ ಬಂದು ಬೀಗಕ್ಕೆ ಕೀಲಿಕೈ ಹಾಕುವ ಮುಂಚೆ, ಒಳಗೆ ಯಾರೂ ಇಲ್ಲ ಎಂದು ತಿಳಿದಿದ್ದರೂ, ಇಂದಿಗೂ ಸ್ವಲ್ಪ ಹೊತ್ತು ಬಾಗಿಲಿಗೆ ಕಿವಿಕೊಟ್ಟು ನಿಲ್ಲುತ್ತೇನೆ.