ಹಲ್ಲು ಕೀಳಿಸಿಕೊಂಡ ಹೊಲಿಗೆಯಕ್ಕ

ಬೀದಿಯವರೆಲ್ಲ ಅವಳನ್ನು ಹೊಲಿಗೆಯಕ್ಕ ಎನ್ನುತ್ತಿದ್ದರು. ಕತ್ತರಿ ಪಕ್ಕದಲ್ಲೇ ಬಿದ್ದಿದ್ದರೂ ದಾರವನ್ನು ಹಲ್ಲಿನಲ್ಲೇ ಕಡಿಯುವವಳು. ಊರ ಸುದ್ದಿಗೆಲ್ಲ ಅವಳ ಬಾಯಿ ಮುಂದು, ತನ್ನ ಸುದ್ದಿ ಬಂದರೆ ಮಾತ್ರ ಬಾಯಿಗೆ ಬೀಗ. ಚಿಕ್ಕಂದಿನಲ್ಲಿ ಕೀಲುನೋವಿನ ಜ್ವರ ಬಂದು ಹೃದಯದ ಕವಾಟವೊಂದು ಕೆಟ್ಟಿತ್ತು. ಮದುವೆಯ ಮಾತುಕತೆ ಶುರುವಾದಾಗ ಅಮ್ಮ ಒಳಕೋಣೆಗೆ ಕರೆದು, "ಯಾರು ಕೇಳಿದ್ರೂ ಏನೂ ಇಲ್ಲ ಅನ್ನು. ಮಾತು ಆಡಿದ್ರೆ ಹೋಯ್ತು, ಮುತ್ತು ಒಡೆದ್ರೆ ಹೋಯ್ತು" ಎಂದಿದ್ದಳು. ಅಂದಿನಿಂದ ಅದೇ ಪಾಠ. ಮೆಟ್ಟಿಲು ಹತ್ತಿ ಏದುಸಿರು ಬಂದರೆ, "ಮೈ ಬಂದಿದೆ ನೋಡಿ" ಎಂದು ನಗುತ್ತಿದ್ದಳು. ಎಲ್ಲಿಯ ಮೈ, ಹಂಚಿಕಡ್ಡಿಯಂತಿದ್ದಳು!

ದವಡೆ ಹಲ್ಲು ಹುಳುಕಾಗಿ ಒಸಡಿನಲ್ಲಿ ಕೀವು ತುಂಬಿತು. ತಿಂಗಳುಗಟ್ಟಲೆ ಲವಂಗ ಅದುಮಿಕೊಂಡು ದಿನ ತಳ್ಳಿದಳು. ಕೊನೆಗೆ ಅವಳ ಗಂಡ, ಮೋಟಾರು ರಿಪೇರಿ ಮಾಡುವವನು, ಅಂಗಡಿ ಮುಚ್ಚಿ ಹಲ್ಲಿನ ಡಾಕ್ಟರಮ್ಮನ ಹತ್ತಿರ ಕರೆದೊಯ್ದ. ಅವಳನ್ನು ಕುರ್ಚಿಯಲ್ಲಿ ಒರಗಿಸಿ ಡಾಕ್ಟರಮ್ಮ ಕೇಳಿದರು: "ಶುಗರ್, ಬಿಪಿ, ಹಾರ್ಟ್ ತೊಂದರೆ ಏನಾದ್ರೂ ಇದೆಯಾ?"

ಗಂಡ ಬಾಗಿಲ ಪಕ್ಕದ ಸ್ಟೂಲಿನಲ್ಲಿ ಕೂತಿದ್ದ. "ಏನೂ ಇಲ್ಲ" ಎಂದಳು.

ಹಲ್ಲೇನೋ ಸಲೀಸಾಗಿ ಬಂತು. ಕೆಲವು ದಿನ ಕಳೆದು ಸಂಜೆಯಾದರೆ ಚಳಿಜ್ವರ, ಬೆವರು. ಅಂಗಡಿ ಮಾತ್ರೆ ನುಂಗಿ ಹೊಲಿದಳು, ಹೊಲಿಯುತ್ತಲೇ ಒಂದು ದಿನ ಮಿಷಿನ್ನಿನ ಮೇಲೆ ಕುಸಿದಳು.

ದೊಡ್ಡಾಸ್ಪತ್ರೆಯ ಡಾಕ್ಟರು ಸ್ಕ್ಯಾನ್ ನೋಡಿ, ಹಲ್ಲು ಕೀಳಿಸಿದ ಕತೆ ಕೇಳಿ ರೇಗಿದರು. "ಬಾಯಲ್ಲಿರೋ ಬ್ಯಾಕ್ಟೀರಿಯಾ ಹಲ್ಲು ಕಿತ್ತ ಗಾಯದಿಂದ ರಕ್ತಕ್ಕಿಳಿದಿದೆ. ಗಟ್ಟಿ ಹೃದಯವಾಗಿದ್ರೆ ಸಾಮಾನ್ಯವಾಗಿ ಏನೂ ಆಗ್ತಿರಲಿಲ್ಲ. ನಿಮ್ಮ ಕೆಟ್ಟ ಕವಾಟದಲ್ಲಿ ಕೂತು ತಿಂದು ಹಾಕಿದೆ. ಮೊದಲೇ ಹೇಳಿದ್ರೆ ಕೀಳೋ ಮುಂಚೆ ಮಾತ್ರೆ ಕೊಡ್ತಿದ್ರು, ಬಹುಶಃ ಇದು ತಪ್ತಿತ್ತು. ಈಗ ಎದೆ ತೆರೆದು ಕವಾಟ ಬದಲಾಯಿಸ್ಬೇಕು. ಉಳಿಸ್ತೀವಿ ಅಂತ ಮಾತು ಕೊಡೋಕಾಗಲ್ಲ."

ಡಾಕ್ಟರು ಹೋದರು. ಅವಳಿಗೆ ಸಾವಿಗಿಂತ ಗಂಡನ ಮುಖ ನೋಡುವುದೇ ಹೆದರಿಕೆ.

"ಮದುವೆಗೆ ಮುಂಚಿಂದಾನೂ ಇತ್ತು ರೀ. ಬಿಟ್ಟುಬಿಡ್ತೀರ ಅಂತ ಮುಚ್ಚಿಟ್ಟೆ."

"ಗೊತ್ತಿತ್ತು" ಎಂದ ಗಂಡ. "ನಿಮ್ಮ ಚಿಕ್ಕಪ್ಪ ಆಗಲೇ ಹೇಳಿದ್ರು. ಗೊತ್ತಿದ್ದೇ ಕಟ್ಕೊಂಡೆ."

ಅವಳು ದಿಂಬಿನಿಂದ ತಲೆ ಎತ್ತಿದಳು. "ಹಲ್ಲಿನ ಡಾಕ್ಟರಮ್ಮ ಕೇಳಿದಾಗ ಅಲ್ಲೇ ಕೂತಿದ್ರಲ್ಲ?"

"ನೀನು ಇಲ್ಲ ಅಂದೆ. ಬೇರೆಯವರ ಮುಂದೆ ನಿನ್ನ ಸುಳ್ಳುಗಾರ್ತಿ ಮಾಡೋದು ಹೇಗೆ ಅಂತ ಸುಮ್ನಾದೆ."

ಅಷ್ಟು ವರ್ಷ ಹೊಟ್ಟೆಯಲ್ಲಿಟ್ಟುಕೊಂಡಿದ್ದ ಭಯವೆಲ್ಲ ದಂಡವಾಗಿತ್ತು. ಅವಳಿಗೆ ಅಳು ಬರಲಿಲ್ಲ, ಸಿಟ್ಟು ಬಂತು. ಅಮ್ಮನ ಮೇಲೆ, ತನ್ನ ಮೇಲೆ, ಎಲ್ಲಕ್ಕಿಂತ ಹೆಚ್ಚಾಗಿ ಈ ಒಳ್ಳೆಯವನ ಮೇಲೆ.

"ಒಂದು ಮಾತು ಹೇಳಿದ್ರೆ ಸಾಕಿತ್ತಲ್ರೀ!"

"ನೀನು ಹೇಳಿದ್ರೂ ಸಾಕಿತ್ತು" ಎಂದ ಅವನು.