ಕಾರವಾರದ ಖಾಲಿ ದೋಣಿ

ನಮ್ಮದು ಸಮುದ್ರದ ಜಿಲ್ಲೆ. ಆದರೆ ದಾಂಡೇಲಿಯವರಾದ ನಮಗೆ ಸಮುದ್ರ ಎಂದರೆ, ಕಾರವಾರದ ಕಚೇರಿಯಲ್ಲಿ ಊಟಕ್ಕೆ ಎದ್ದುಹೋದ ಸಾಹೇಬರು ಸಂಜೆಯಾದರೂ ಬಾರದಿದ್ದಾಗ ಹೊತ್ತು ಕಳೆಯುವ ಜಾಗ. ಅಪ್ಪನ ಜಮೀನಿನ ಕೆಲಸಕ್ಕೆಂದು ಹೋದಾಗ ನಾನೂ ಹಾಗೆಯೇ ಮರಳಲ್ಲಿ ಕೂತಿದ್ದೆ. ಅಷ್ಟು ಹೊತ್ತು ಯಾರೂ ನನ್ನನ್ನು ಕರೆದು ಚಹಾ ಮಾಡು ಎನ್ನಲಿಲ್ಲ. ಎಷ್ಟು ಖುಷಿಯಾಗಿತ್ತೆಂದರೆ, ಮನೆಗೆ ಬಂದವಳೇ ಜಲವರ್ಣದಲ್ಲಿ ಅದನ್ನು ಬರೆದೆ: ಬೂದು ನೀರು, ಮುಳುಗುವ ಸೂರ್ಯ, ಒಂದು ಖಾಲಿ ದೋಣಿ.

ನಮ್ಮ ಕಡೆ ಕನ್ಯೆ ನೋಡಲು ಬರುವವರಿಗೆ ಹುಡುಗಿಯ ಕೈಕೆಲಸ ಗೋಡೆಯ ಮೇಲೆ ಕಾಣಬೇಕು. ಅಕ್ಕನ ಕಾಲಕ್ಕೆ ಮಣಿಯ ಗಿಳಿ ಇತ್ತು. ತುಟಿ ಪಿಟಕ್ಕೆನ್ನದೆ ಅವಳ ಮದುವೆ ಮಾಡಿಸಿತು. ನನ್ನ ಪಾಲಿಗೆ ಅವ್ವ ಸಮುದ್ರವನ್ನು ತೂಗುಹಾಕಿದಳು.

ಮೊದಲು ಬಂದವರು ಮುಂಡಗೋಡದ ಕಡೆಯವರು. ಹುಡುಗ ನೀಲಿ ಚೌಕಡಿ ಅಂಗಿ ತೊಟ್ಟಿದ್ದ. ಎಲ್ಲರೂ ನನ್ನನ್ನು ನೋಡುವಾಗ ಅವನೊಬ್ಬ ಚಿತ್ರ ನೋಡುತ್ತಿದ್ದ. ಅಷ್ಟಕ್ಕೇ ನನಗೆ ಹಿಡಿಸಿಬಿಟ್ಟ, ಸುಳ್ಳು ಯಾಕೆ ಹೇಳಲಿ. ಆದರೆ ಜೊತೆಗೆ ಬಂದಿದ್ದ ಅವನ ಸೋದರಮಾವ ಕಾಲೇಜಿನಲ್ಲಿ ಪಾಠ ಹೇಳಿ ನಿವೃತ್ತರಾದವರು. ಅರ್ಥ ಹೇಳದಿದ್ದರೆ ಅವರಿಗೆ ಉಂಡದ್ದು ಕರಗುವುದಿಲ್ಲ.

"ಸೂರ್ಯ ಮುಳಗಾಕತ್ತಾನ. ಅಂದ್ರ ಮನಸಿನ್ಯಾಗ ಕತ್ತಲಿ ಐತಿ," ಎಂದರು ಚೂಡಾ ಮೆಲ್ಲುತ್ತ.

ಅವ್ವ ಗಾಬರಿಯಾದಳು. "ಇಲ್ರೀ, ಅದು ಹುಟ್ಟೂ ಸೂರ್ಯ!"

"ಕಾರವಾರದಾಗ ಸಮುದ್ರದಿಂದ ಸೂರ್ಯ ಹೆಂಗ ಹುಟ್ತಾನವ್ವಾ? ಪಶ್ಚಿಮ ದಿಕ್ಕ ಅದು. ಇನ್ನ ದೋಣಿ ನೋಡ್ರಿ, ಖಾಲಿ. ಈ ಹುಡುಗಿಗೆ ಸಂಸಾರ ಬ್ಯಾಡಾಗೇತಿ."

ನನಗೆ ಸಿಟ್ಟು ನೆತ್ತಿಗೇರಿತು. "ನನಗ ಮನಷ್ಯಾರನ್ನ ಬರಿಯಾಕ ಬರೂದಿಲ್ರಿ. ಅದಕ್ಕ ಖಾಲಿ ಬಿಟ್ಟೇನಿ," ಎಂದೆ.

ಹುಡುಗ ಗೊಳ್ಳನೆ ನಕ್ಕ. ಮಾವ ನಗಲಿಲ್ಲ. ಮಾರನೆಯ ದಿನ ಫೋನು ಬಂತು: ಹುಡುಗಿ ಚಲೋ ಅದಾಳ, ಆದರ ವೈರಾಗ್ಯದ ಮನಸು. ಆ ನಗು ಇನ್ನು ಕೇಳುವುದಿಲ್ಲವಲ್ಲ ಎಂದು ವೈರಾಗ್ಯದವಳಾದ ನಾನು ಹಿತ್ತಲಲ್ಲಿ ಕೂತು ಬಿಕ್ಕಿ ಬಿಕ್ಕಿ ಅತ್ತೆ.

"ಇಲ್ಲೇ ಮೌಳಂಗ್ಯಾಗ ಹೊಳಿ ಇತ್ತಲ್ಲ, ಅದನ್ನ ಬರೀಬಾರದಿತ್ತ? ಎತ್ತಾಗ ಬೇಕಾರ ಸೂರ್ಯ ಹುಟ್ತಿದ್ದ," ಎನ್ನುತ್ತ ಅವ್ವ ಕುಂಚ ತಂದು ಕೈಗಿಟ್ಟಳು. "ದೋಣ್ಯಾಗ ಇಬ್ಬರನ್ನ ಕುಂದರಸು. ಗಂಡ ಹೆಂಡ್ತಿ ಕುಂತ್ರ ಯಾವ ಪಂಡಿತಾನೂ ಬಾಯಿ ತಗಿಯೂದಿಲ್ಲ."

ಮುಖ ಬರೆಯಲು ಬಾರದ ನಾನು ಇಬ್ಬರನ್ನೂ ಬೆನ್ನು ಮಾಡಿ ಕೂರಿಸಿದೆ. ಒಂದು ಜಡೆ, ಒಂದು ಅಂಗಿ. ಅಂಗಿಗೆ ಬಣ್ಣ ಬೇಕಲ್ಲ, ನೀಲಿ ಹಚ್ಚಿದೆ. ಒಣಗಿದ ಮೇಲೆ ಸಣ್ಣ ಕುಂಚದಿಂದ ಚೌಕಡಿಯನ್ನೂ ಎಳೆದೆ.

ಮುಂದಿನ ತಿಂಗಳು ಹಳಿಯಾಳದವರು ಬಂದರು. ಅವರ ಬಳಗದಲ್ಲಿ ಒಬ್ಬ ಮಾಸ್ತರನೂ ಇಲ್ಲ ಎಂದು ಅವ್ವ ಮೊದಲೇ ವಿಚಾರಿಸಿಕೊಂಡಿದ್ದಳು. ಹುಡುಗನ ಸೋದರತ್ತೆ ಚಹಾದ ಕಪ್ಪು ಹಿಡಿದುಕೊಂಡೇ ಎದ್ದು ಹೋಗಿ ಚಿತ್ರದ ಮುಂದೆ ನಿಂತರು.

"ಹೆಣ್ಣಂತೂ ನೀನ ಇರಬೇಕವ್ವಾ, ಜಡಿ ಹಂಗ ಐತಿ. ಬಾಜೂಕ ಕುಂತಾಂವ ಯಾರು?"

"ಸುಮ್ನ ಯಾರೋ ಒಬ್ಬಾಂವ್ರೀ," ಎಂದು ನಕ್ಕ ಅವ್ವ ಆಮೇಲೆ ಅಂಗಿ ನೋಡಿದಳು, ನನ್ನ ಮುಖ ನೋಡಿದಳು. ಮುಂಡಗೋಡದ ಮಾವನ ತಪ್ಪು ಅರ್ಥಕ್ಕೆ ಪಟ್ಟನೆ ಉತ್ತರ ಕೊಟ್ಟಿದ್ದ ನಾನು, ತಲೆ ತಗ್ಗಿಸಿ ಖಾಲಿ ಕಪ್ಪುಗಳನ್ನು ಎತ್ತಿಕೊಂಡು ಒಳಗೆ ಹೋದೆ.